ಬೆಂಗಳೂರಾ, ಮಂಡ್ಯನಾ: ಓಡಾಟದ ಲೆಕ್ಕ ಮೊದಲು ಹಾಕಿ

ನಿಮ್ಮನ್ನು ಗೊಂದಲಕ್ಕೆ ತಳ್ಳಿರುವುದು ಬೆಂಗಳೂರಿನ ಹೆಸರು. ಎಂಬಿಬಿಎಸ್‌ಗೆ ಮನೆಯಿಂದ ದಿನಕ್ಕೆ ನಾಲ್ಕು ಗಂಟೆ ಓಡಾಡಿ ಅಲ್ಲಿನ ಖಾಸಗಿ ಕಾಲೇಜಾ, ಹಾಸ್ಟೆಲಿನಲ್ಲಿದ್ದು ಮಂಡ್ಯದ ಸರ್ಕಾರಿ ವೈದ್ಯಕೀಯ ಕಾಲೇಜು ಮಿಮ್ಸಾ, ಕೊಳಲು ಕ್ಲಾಸ್ ಬಿಡಬೇಕಾ ಅಂತ ಕೇಳಿದ್ದೀರಿ. ಬೆಂಗಳೂರಿನ ಆ ಕಾಲೇಜು ಡೀಮ್ಡ್ ಅಥವಾ ಖಾಸಗಿ ವಿಶ್ವವಿದ್ಯಾಲಯಕ್ಕೆ (ತಾನೇ ಪರೀಕ್ಷೆ ನಡೆಸಿ ಪದವಿ ಕೊಡುವಂಥದ್ದಕ್ಕೆ) ಸೇರಿರದಿದ್ದರೆ ಎರಡೂ ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯದ ಅಡಿಯಲ್ಲೇ ಬರುತ್ತವೆ. ಥಿಯರಿ ಪ್ರಶ್ನೆಪತ್ರಿಕೆ ಒಂದೇ.

ಮೊದಲು ಎರಡೂ ಕಾಲೇಜುಗಳ ಆಸ್ಪತ್ರೆಯ ಒಪಿಡಿಗೆ (ಹೊರರೋಗಿ ವಿಭಾಗಕ್ಕೆ) ಸೋಮವಾರ ಬೆಳಿಗ್ಗೆ ಹೋಗಿ ನೋಡಿ. ಚೀಟಿ ಮಾಡಿಸುವ ಸಾಲು ಎಷ್ಟುದ್ದ ಇದೆ? ವಾರ್ಡುಗಳಲ್ಲಿ ಹಾಸಿಗೆ ತುಂಬಿವೆಯಾ? ರೋಗಿಗಳಿಲ್ಲದ ಕಡೆ ಕಟ್ಟಡ ಎಷ್ಟು ಚೆನ್ನಾಗಿದ್ದರೂ ವೈದ್ಯಕೀಯ ಕಲಿಯಲು ಆಗುವುದಿಲ್ಲ. ನನ್ನ ಪ್ರಕಾರ ಇದೇ ಎಲ್ಲಕ್ಕಿಂತ ಮುಖ್ಯ.

ಆಮೇಲೆ ಇಂಟರ್ನ್‌ಗಳನ್ನು ಮಾತಾಡಿಸಿ. ಮೆಸ್, ನೀರು, ಲೈಬ್ರರಿ ಸಮಯ, ರಾತ್ರಿ ಸುರಕ್ಷತೆ ಎಲ್ಲಾ ಕೇಳಿ.

ಮೊದಲ ವರ್ಷ ಅನಾಟಮಿ, ಫಿಸಿಯಾಲಜಿ, ಬಯೋಕೆಮಿಸ್ಟ್ರಿ. ಹಾಜರಿ ಥಿಯರಿಗೆ 75%, ಪ್ರಾಕ್ಟಿಕಲ್‌ಗೆ 80% ಬೇಕೇ ಬೇಕು. ಇದರ ಮೇಲೆ ನಾಲ್ಕು ಗಂಟೆ ಬಸ್ಸು ಅಂದರೆ ನಿದ್ದೆ ಹೋಗುತ್ತದೆ, ಕೊಳಲೂ ಹೋಗುತ್ತದೆ. ಹಾಸ್ಟೆಲಿನಲ್ಲಿದ್ದರೆ ವಾರಕ್ಕೊಂದು ಕ್ಲಾಸ್ ಆರಾಮಾಗಿ ಉಳಿಸಿಕೊಳ್ಳಬಹುದು. ದಯವಿಟ್ಟು ಬಿಡಬೇಡಿ. ಇಂಟರ್ನಲ್ಸ್ (ಕಾಲೇಜಿನ ಆಂತರಿಕ ಪರೀಕ್ಷೆ) ಹತ್ತಿರ ಬಂದಾಗ ಮಾತ್ರ ನಿಲ್ಲಿಸಿ.

ಮನೆ ಬಿಟ್ಟಿರುವುದು ನಿಮಗೆ ಒಗ್ಗುತ್ತದಾ ಅಂತ ನಾನು ಖಚಿತವಾಗಿ ಹೇಳಲಾರೆ. ಅಸ್ತಮಾ ಬೇರೆ ಇದೆ ಅಂದಿದ್ದೀರಿ, ಅದನ್ನು ನಿಮ್ಮ ಡಾಕ್ಟರ ಹತ್ತಿರ ಮಾತಾಡಿ. ಉಳಿದಂತೆ ನನ್ನ ಓಟು ಮಂಡ್ಯಕ್ಕೆ.

ಸೀಟು ಹಂಚುವ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಆಪ್ಷನ್ ಎಂಟ್ರಿಯಲ್ಲಿ, ಅಂದರೆ ಕಾಲೇಜುಗಳ ಆದ್ಯತೆಯ ಪಟ್ಟಿಯಲ್ಲಿ, ನಿಜವಾಗಿ ಬೇಕಾದ್ದನ್ನೇ ಮೇಲೆ ಹಾಕಿ. ಮೇಲಿನದು ಸಿಕ್ಕರೆ ಕೆಳಗಿನವನ್ನು ನೋಡುವುದೇ ಇಲ್ಲ.