ಮನುಷ್ಯರ ಹಲ್ಲು ತಾಗಿದ ಗಾಯಕ್ಕೆ ಆ್ಯಂಟಿಬಯೋಟಿಕ್ ಯಾವಾಗ ಬೇಕು, ಯಾವುದು ಬೇಕು?

ನೀವು ಕೇಳಿರುವುದು ಎರಡು ಗಾಯಗಳ ಬಗ್ಗೆ. ಅಂಗನವಾಡಿಯಲ್ಲಿ ಜೊತೆಯ ಮಗು ಕಚ್ಚಿ ನಿಮ್ಮ 4 ವರ್ಷದ ಮಗಳ ಮುಂಗೈಯಲ್ಲಿ ಎರಡು ಕಡೆ ರಕ್ತ ಜಿನುಗಿದೆ. ಮೊನ್ನೆ ಜಗಳದಲ್ಲಿ ಎದುರಿನವನ ಬಾಯಿಗೆ ಗುದ್ದಿದ ನಿಮ್ಮ ಮೈದುನನ ಬಲಗೈ ಗೆಣ್ಣಿನ ಮೇಲೆ ಅಕ್ಕಿಕಾಳಿನಷ್ಟು ಉದ್ದ ಚರ್ಮ ಹರಿದಿದೆ. ಮೆಡಿಕಲ್ ಶಾಪಿನಲ್ಲಿ ಅವರಿಗೆ ಕೊಟ್ಟ ಸೆಫಾಲೆಕ್ಸಿನ್ ಕ್ಯಾಪ್ಸೂಲನ್ನು ಬಿಚ್ಚಿ, ಅರ್ಧ ಪುಡಿಯನ್ನು ಮಗಳಿಗೂ ಕೊಡಬಹುದೇ ಎಂದು ಕೇಳಿದ್ದೀರಿ. ದಯವಿಟ್ಟು ಕೊಡಬೇಡಿ. ಮೈದುನನಿಗೂ ಆ ಔಷಧ ಸಾಲದು. ನಿಜ ಹೇಳಬೇಕೆಂದರೆ ಮಗಳ ಗಾಯಕ್ಕಿಂತ ಅವರ ಗಾಯವೇ ನನಗೆ ಹೆಚ್ಚು ಆತಂಕ ತಂದಿರುವುದರಿಂದ ಅದನ್ನೇ ಮೊದಲು ಹೇಳುತ್ತೇನೆ.

ಮುಷ್ಟಿ ಬಿಗಿದಾಗ ಗೆಣ್ಣಿನ ಮೇಲೆ ಚರ್ಮ, ಅದರ ಕೆಳಗೆ ಬೆರಳನ್ನು ನೀಡುವ ತೆಳುವಾದ ಸ್ನಾಯುರಜ್ಜು, ಅದರ ಕೆಳಗೆ ಕೀಲಿನ ಪೊರೆ, ಇಷ್ಟೇ ಇರುತ್ತದೆ. ಎದುರಿನವರ ಮುಂಹಲ್ಲು ಈ ಮೂರನ್ನೂ ಒಂದೇ ಏಟಿಗೆ ತೂರಿ ಕೀಲಿನೊಳಗೆ ಹೋಗಬಲ್ಲದು. ಆಮೇಲೆ ಬೆರಳನ್ನು ನೀಡಿದ ಕೂಡಲೇ ರಜ್ಜು ಹಿಂದಕ್ಕೆ ಸರಿಯುತ್ತದೆ, ಚರ್ಮದ ತೂತು ಒಂದು ಕಡೆ, ರಜ್ಜುವಿನ ತೂತು ಇನ್ನೊಂದು ಕಡೆ ಆಗಿ, ಬಾಯಿಯ ಬ್ಯಾಕ್ಟೀರಿಯಾಗಳು ಒಳಗೇ ಮುಚ್ಚಿಹೋಗುತ್ತವೆ. ಹೊರಗಿನಿಂದ ಎಷ್ಟು ತೊಳೆದರೂ ನೀರು ಅಲ್ಲಿಗೆ ತಲುಪುವುದಿಲ್ಲ. ಗಾಯ ಚಿಕ್ಕದಾಗಿ ಕಾಣುವುದು ಇದೇ ಕಾರಣಕ್ಕೆ ಮೋಸ.

ನಾನು ವೃತ್ತಿಗೆ ಬಂದ ಹೊಸತರಲ್ಲಿ ಇಂಥದೇ ಗಾಯದೊಂದಿಗೆ ಒಬ್ಬ ಯುವಕ ಬಂದಿದ್ದ. ಕೈ ಗೇಟಿಗೆ ತಾಗಿತು ಎಂದ. ಹೊಡೆದಾಟ ಎಂದರೆ ಪೊಲೀಸರಿಗೆ ತಿಳಿಸುತ್ತಾರೆಂಬ ಭಯದಿಂದ ಹಾಗೆ ಹೇಳಿದ್ದನೆಂದು ನನಗೆ ಆಮೇಲೆ ಗೊತ್ತಾಯಿತು. ನಾನು ಮುಷ್ಟಿ ಬಿಗಿಸಿ ಗಾಯದ ಆಳವನ್ನು ನೋಡದೆ ಎರಡು ಹೊಲಿಗೆ ಹಾಕಿ ಕಳುಹಿಸಿದೆ. ನಾಲ್ಕನೆಯ ದಿನ ಅವನು ಊದಿದ ಕೈಯನ್ನು ಎದೆಗೆ ಒತ್ತಿಕೊಂಡು ಬಂದಾಗ ಕೀಲಿನ ತುಂಬ ಕೀವಾಗಿತ್ತು. ಶಸ್ತ್ರಚಿಕಿತ್ಸೆ ಮಾಡಿ ತೊಳೆದರೂ ಆ ಬೆರಳು ಮತ್ತೆ ಪೂರ್ತಿ ಮಡಚಲಿಲ್ಲ. ಅಂದಿನಿಂದ ಗೆಣ್ಣಿನ ಮೇಲೆ ಗಾಯವಿರುವ ಪ್ರತಿಯೊಬ್ಬರನ್ನೂ "ಹಲ್ಲು ತಾಗಿತೇ?" ಎಂದು ನೇರವಾಗಿ ಕೇಳುತ್ತೇನೆ.

ಇನ್ನು ಔಷಧದ ಮಾತು. ಮನುಷ್ಯರ ಬಾಯಿಯಿಂದ ಗಾಯಕ್ಕೆ ಸೇರುವುದು ಒಂದೇ ಬಗೆಯ ಬ್ಯಾಕ್ಟೀರಿಯಾ ಅಲ್ಲ. ಸ್ಟ್ರೆಪ್ಟೊಕಾಕಸ್, ಸ್ಟ್ಯಾಫಿಲೊಕಾಕಸ್, ಆಮ್ಲಜನಕವಿಲ್ಲದೆಯೇ ಬೆಳೆಯುವ ಹಲವು ಜಾತಿಗಳು, ಇವುಗಳ ಜೊತೆಗೆ ಐಕೆನೆಲ್ಲಾ ಕೊರೊಡೆನ್ಸ್ ಎಂಬ ಒಂದು ಬ್ಯಾಕ್ಟೀರಿಯಾ ಇರುತ್ತದೆ. ನಿಮ್ಮ ಪ್ರಶ್ನೆಗೆ ಉತ್ತರವಿರುವುದು ಈ ಕೊನೆಯದರಲ್ಲಿ. ಸಾಮಾನ್ಯ ಗಾಯಗಳಿಗೆ ಕೊಡುವ ಸೆಫಾಲೆಕ್ಸಿನ್, ಕ್ಲಾಕ್ಸಾಸಿಲಿನ್, ಕ್ಲಿಂಡಾಮೈಸಿನ್, ಎರಿಥ್ರೊಮೈಸಿನ್, ಮೆಟ್ರೊನಿಡಜೋಲ್ ಇವುಗಳಲ್ಲಿ ಯಾವುದನ್ನೂ ಐಕೆನೆಲ್ಲಾ ವಿರುದ್ಧ ನಂಬುವಂತಿಲ್ಲ, ಆದರೆ ಅಮಾಕ್ಸಿಸಿಲಿನ್‌ಗೆ ಅದು ಬಗ್ಗುತ್ತದೆ. ಅಮಾಕ್ಸಿಸಿಲಿನ್ ಒಂದನ್ನೇ ಕೊಟ್ಟರೆ ಸ್ಟ್ಯಾಫಿಲೊಕಾಕಸ್ ಅದನ್ನು ಒಡೆದುಹಾಕುತ್ತದೆ. ಆದ್ದರಿಂದಲೇ ಕ್ಲಾವುಲಾನಿಕ್ ಆಮ್ಲ ಸೇರಿಸಿದ ಮಾತ್ರೆಯನ್ನು, ನಮ್ಮಲ್ಲಿ ಎಲ್ಲರೂ '625' ಎಂದು ಕರೆಯುವ 500 ಮತ್ತು 125 ಮಿಲಿಗ್ರಾಂಗಳ ಜೋಡಿಯನ್ನು, ವಯಸ್ಕರಿಗೆ ದಿನಕ್ಕೆ ಮೂರು ಹೊತ್ತು ಕೊಡುವುದು ರೂಢಿ. ನಂಜಾಗುವ ಮೊದಲೇ ತಡೆಯುವುದಕ್ಕಾದರೆ 3ರಿಂದ 5 ದಿನ, ಈಗಾಗಲೇ ನಂಜಾಗಿದ್ದರೆ 5ರಿಂದ 7 ದಿನ ಸಾಕು. ಕೀಲು ಅಥವಾ ಮೂಳೆಗೆ ಇಳಿದಿದ್ದರೆ ಮಾತ್ರೆಯ ಮಾತೇ ಇಲ್ಲ. ಆಸ್ಪತ್ರೆಗೆ ದಾಖಲಾಗಿ, ರಕ್ತನಾಳದ ಮೂಲಕ ಔಷಧ ಪಡೆದು, ಕೀಲನ್ನು ತೆರೆದು ತೊಳೆಸಿಕೊಳ್ಳಬೇಕಾಗುತ್ತದೆ, ಮತ್ತು ಚಿಕಿತ್ಸೆ ವಾರಗಟ್ಟಲೆ ನಡೆಯುತ್ತದೆ.

ಪೆನಿಸಿಲಿನ್ ಅಲರ್ಜಿ ಇರುವ ವಯಸ್ಕರಿಗೆ ಡಾಕ್ಸಿಸೈಕ್ಲಿನ್ ಜೊತೆ ಮೆಟ್ರೊನಿಡಜೋಲ್ ಕೊಡುವುದುಂಟು. ಗರ್ಭಿಣಿಯರಿಗೆ ಮತ್ತು 12 ವರ್ಷದೊಳಗಿನ ಮಕ್ಕಳಿಗೆ ಈ ಜೋಡಿಯನ್ನು ಕೊಡದೆ ವೈದ್ಯರು ಬೇರೆ ದಾರಿ ನೋಡುತ್ತಾರೆ. ಮಕ್ಕಳಲ್ಲಿ ಅದು ಹೆಚ್ಚಾಗಿ ಕೋಟ್ರೈಮಾಕ್ಸಜೋಲ್.

ಮಗಳ ವಿಷಯಕ್ಕೆ ಬರುತ್ತೇನೆ. ಚಿಕ್ಕ ಮಕ್ಕಳ ಕಡಿತದಲ್ಲಿ ಬಹುಪಾಲು ಬರೀ ಹಲ್ಲಿನ ಅಚ್ಚು ಮೂಡಿರುತ್ತದೆ. ಚರ್ಮ ಹರಿಯದಿದ್ದರೆ ಆ್ಯಂಟಿಬಯೋಟಿಕ್ ಬೇಕಿಲ್ಲ. ಬ್ರಿಟನ್ನಿನ ನೈಸ್ ಸಂಸ್ಥೆ 2020ರಲ್ಲಿ ಹೊರತಂದ ಮಾರ್ಗಸೂಚಿಯ ಪ್ರಕಾರ ಚರ್ಮ ಹರಿದು ರಕ್ತ ಬಂದಿದ್ದರೆ 3 ದಿನ ಕೊಡಬೇಕು. ಹರಿದಿದ್ದರೂ ರಕ್ತ ಬಂದಿರದಿದ್ದರೆ, ಗಾಯ ಕೈ, ಕಾಲು, ಮುಖದಂಥ ಸೂಕ್ಷ್ಮ ಜಾಗದಲ್ಲಿದೆಯೇ, ಮಧುಮೇಹ ಅಥವಾ ರೋಗನಿರೋಧಕ ಶಕ್ತಿಯ ಕೊರತೆ ಇದೆಯೇ ಎಂದು ನೋಡಿ ನಿರ್ಧರಿಸಬೇಕು. ನಿಮ್ಮ ಮಗಳಿಗೆ ರಕ್ತ ಜಿನುಗಿರುವುದರಿಂದ ಮಕ್ಕಳ ವೈದ್ಯರು ಅಮಾಕ್ಸಿಸಿಲಿನ್-ಕ್ಲಾವುಲಾನಿಕ್ ಸಿರಪ್ ಬರೆದುಕೊಡುವ ಸಾಧ್ಯತೆಯೇ ಹೆಚ್ಚು. ಪ್ರಮಾಣವನ್ನು ಮಗುವಿನ ತೂಕ ನೋಡಿಯೇ ಲೆಕ್ಕ ಹಾಕಬೇಕು. ಈ ಸಿರಪ್ 5 ಮಿಲಿಲೀಟರಿಗೆ 228.5 ಮಿಲಿಗ್ರಾಂ ಇರುವ ಬಾಟಲಿಯಲ್ಲೂ, ಅದರ ಎರಡರಷ್ಟು ಅಂದರೆ 457 ಇರುವ ಬಾಟಲಿಯಲ್ಲೂ ಸಿಗುತ್ತದೆ. ಪಕ್ಕದ ಮನೆಯ ಮಗುವಿಗೆ ಕೊಟ್ಟಷ್ಟೇ ಚಮಚ ಎಂದುಕೊಂಡರೆ ಎಡವಟ್ಟಾಗುವುದು ಇಲ್ಲೇ. ಕುದಿಸಿ ಆರಿಸಿದ ನೀರಿನಲ್ಲಿ ಕಲಸಿದ ಮೇಲೆ ಅದನ್ನು ಫ್ರಿಜ್ಜಿನಲ್ಲಿಟ್ಟು ಒಂದು ವಾರದೊಳಗೆ ಮುಗಿಸಬೇಕು. ಹೊಟ್ಟೆ ಸ್ವಲ್ಪ ಸಡಿಲವಾಗಬಹುದು, ಊಟದ ಆರಂಭದಲ್ಲಿ ಕೊಟ್ಟರೆ ತೊಂದರೆ ಕಡಿಮೆ.

ಯಾವ ಔಷಧವೂ ತೊಳೆಯುವುದಕ್ಕೆ ಬದಲಿಯಲ್ಲ. ನಲ್ಲಿಯ ಹರಿಯುವ ನೀರಿನಲ್ಲಿ ಸೋಪು ಹಚ್ಚಿ ಹಲವಾರು ನಿಮಿಷ ತೊಳೆಯಿರಿ. ಅರಿಶಿನ, ಕಾಫಿಪುಡಿ, ಸುಣ್ಣ ಏನನ್ನೂ ತುಂಬಬೇಡಿ. ಅವು ಗಾಯದೊಳಗೆ ಕೂತು ನಂಜಿಗೆ ದಾರಿ ಮಾಡುತ್ತವೆ, ವೈದ್ಯರಿಗೆ ಗಾಯದ ತಳವೂ ಕಾಣದಂತಾಗುತ್ತದೆ. ಮುಖದ ಗಾಯವನ್ನು ಬಿಟ್ಟರೆ ಹಲ್ಲಿನ ಗಾಯಕ್ಕೆ ಸಾಮಾನ್ಯವಾಗಿ ಕೂಡಲೇ ಹೊಲಿಗೆ ಹಾಕುವುದಿಲ್ಲ. ಮಗಳಿಗೆ ಒಂದೂವರೆ ವರ್ಷದ ಸುಮಾರಿಗೆ ಕೊಡುವ ಡಿಪಿಟಿ ಬೂಸ್ಟರ್ ವರೆಗೆ ಎಲ್ಲ ಲಸಿಕೆ ಆಗಿದ್ದರೆ ಈಗ ಧನುರ್ವಾಯುವಿಗೆ ಬೇರೆ ಇಂಜೆಕ್ಷನ್ ಬೇಕಿಲ್ಲ. ಮೈದುನ ಕೊನೆಯದಾಗಿ ಹಾಕಿಸಿಕೊಂಡು 5 ವರ್ಷ ದಾಟಿದ್ದರೆ ಅವರಿಗೆ ಬೇಕು, ಹೆಪಟೈಟಿಸ್ ಬಿ ಲಸಿಕೆ ಆಗಿದೆಯೇ ಎಂದೂ ಕೇಳಬೇಕು. ನಾಯಿ ಕಡಿತಕ್ಕೆ ಹಾಕುವ ರೇಬಿಸ್ ಲಸಿಕೆ ಆರೋಗ್ಯವಂತ ಮನುಷ್ಯರ ಕಡಿತಕ್ಕೆ ಬೇಕಿಲ್ಲ.

ನಿಮ್ಮ ಮಗಳಿಗೆ ಸಂಬಂಧಿಸಿದ್ದಲ್ಲವಾದರೂ ಒಂದು ಮಾತನ್ನು ಇಲ್ಲಿ ಬಿಡಲಾರೆ: ಮಗುವಿನ ಮೈಮೇಲಿನ ಕಡಿತದ ಗುರುತಿನಲ್ಲಿ ಎರಡು ಕೋರೆಹಲ್ಲುಗಳ ನಡುವಿನ ಅಂತರ 3 ಸೆಂಟಿಮೀಟರಿಗಿಂತ ಹೆಚ್ಚಿದ್ದರೆ ಕಚ್ಚಿದವರು ದೊಡ್ಡವರಿರಬಹುದು. ಅಂಥ ಸಂದೇಹ ಬಂದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಬಹುದು.

ಮಗಳ ಗಾಯದ ಸುತ್ತ ಕೆಂಪು ಹರಡಿದರೆ, ಬಿಸಿಯಾಗಿ ಊದಿದರೆ, ಕೀವು ಅಥವಾ ಜ್ವರ ಬಂದರೆ ಅದೇ ದಿನ ಮತ್ತೆ ತೋರಿಸಿ. ಮೈದುನನ ವಿಷಯದಲ್ಲಿ ಅವನ್ನೆಲ್ಲ ಕಾಯದೆ ಇಂದೇ ಮೂಳೆ ವೈದ್ಯರಿರುವ ಆಸ್ಪತ್ರೆಗೆ ಕರೆದೊಯ್ಯಿರಿ. ಹಲ್ಲಿನ ಚೂರು ಅಥವಾ ಮೂಳೆಯ ಬಿರುಕು ಇದೆಯೇ ಎಂದು ಎಕ್ಸ್‌ರೇ ತೆಗೆಸಲಿ, ಮತ್ತು ಗಾಯವಾದದ್ದು ಎದುರಿನವನ ಹಲ್ಲಿನಿಂದ ಎಂಬುದನ್ನು ಅವರು ವೈದ್ಯರಿಂದ ಮುಚ್ಚಿಡದಿರಲಿ.