ಇಂಗ್ಲೆಂಡಿನಲ್ಲಿ ದಿನದ ಓಡಾಟಕ್ಕೆ ಸೆಕೆಂಡ್ ಹ್ಯಾಂಡ್ ಎಸ್ಟೇಟ್ ಕಾರು: ಡೀಸೆಲ್ ತಗೊಳ್ಳಲಾ, ಪೆಟ್ರೋಲಾ?

ನೀವು ಲಂಡನ್ ಪಕ್ಕದ ಸ್ಲೌ ಊರಿಗೆ ಬಂದು ಆರು ತಿಂಗಳಾಗಿದೆ. ಆರು ಸಾವಿರ ಪೌಂಡಿನೊಳಗೆ ಸಣ್ಣ ಎಸ್ಟೇಟ್, ಅಂದರೆ ಹಿಂದೆ ಉದ್ದನೆಯ ಡಿಕ್ಕಿಯಿರುವ ಕಾರು ಬೇಕು. ಮಗುವಿನ ತಳ್ಳುಗಾಡಿ, ವಾರದ ಸಾಮಾನು ಹಿಡಿಸಬೇಕು. ದಿನಾ ಸ್ಟೇಷನ್ನಿಗೆ ಮೂರು ಮೈಲಿ. ಸ್ನೇಹಿತರು ಡೀಸೆಲ್ ತಗೊಳ್ಳಿ, ಮೈಲೇಜ್ ಜಾಸ್ತಿ ಎನ್ನುತ್ತಿದ್ದಾರೆ.

ಡೀಸೆಲ್ ಬೇಡ. ನಾನು ಆ ತಪ್ಪು ಮಾಡಿದವನು. ಡೀಸೆಲ್ ಕಾರಿನ ಹೊಗೆ ಕೊಳವೆಯಲ್ಲಿ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. ಆ ಮಸಿ ಸುಟ್ಟುಹೋಗಬೇಕಾದರೆ ಎಂಜಿನ್ ಚೆನ್ನಾಗಿ ಕಾದು, ಸ್ವಲ್ಪ ದೂರ ಒಂದೇ ಸಮನೆ ಓಡಬೇಕು. ಮೂರು ಮೈಲಿಯಲ್ಲಿ ಅದು ಬಿಸಿಯಾಗುವುದೇ ಇಲ್ಲ. ನನ್ನ ಕಾರಿನಲ್ಲಿ ಮೊದಲ ಚಳಿಗಾಲಕ್ಕೇ ಹಳದಿ ದೀಪ ಹತ್ತಿತು. ಮೈಲೇಜಿನಲ್ಲಿ ಉಳಿಸಿದ್ದೆಲ್ಲ ಗ್ಯಾರೇಜಿಗೆ ಹೋಯಿತು. ಇನ್ನೊಂದು ವಿಷಯ. ಊರಿಂದ ಅಪ್ಪ ಅಮ್ಮ ಬಂದರೆ ಹೀಥ್ರೂಗೆ ಹೋಗಬೇಕಲ್ವಾ? ಅದು ಲಂಡನ್ನಿನ ಯುಲೆಜ್, ಅಂದರೆ ಹೆಚ್ಚು ಹೊಗೆ ಉಗುಳುವ ಗಾಡಿಗಳಿಗೆ ಶುಲ್ಕ ಹಾಕುವ ವಲಯದ ಗಡಿಯೊಳಗಿದೆ. ಸಾಮಾನ್ಯವಾಗಿ 2015ರ ಸೆಪ್ಟೆಂಬರಿಗಿಂತ ಹಳೆಯ ಡೀಸೆಲ್ ಕಾರಾದರೆ ದಿನಕ್ಕೆ 12.50 ಪೌಂಡ್ ಕಟ್ಟಬೇಕು. ಪೆಟ್ರೋಲ್ ಕಾರು 2006ರಷ್ಟು ಹಳೆಯದಾದರೂ ಹೆಚ್ಚಾಗಿ ಪಾಸಾಗುತ್ತದೆ.

ನನ್ನ ಓಟು ಸ್ಕೋಡಾ ಫಾಬಿಯಾ ಎಸ್ಟೇಟಿಗೆ. ಅದರಲ್ಲೂ 2015ರಿಂದ ಬಂದ ಮೂರನೇ ತಲೆಮಾರಿನದು, ಪೆಟ್ರೋಲ್, ಮ್ಯಾನುಯಲ್. ಹಿಂದಿನ ಮಾದರಿಯ 1.2 ಟಿಎಸ್‌ಐ ಎಂಜಿನ್ನಿನಲ್ಲಿ ಟೈಮಿಂಗ್ ಚೈನ್ (ಎಂಜಿನ್ನಿನ ಒಳಭಾಗಗಳನ್ನು ತಾಳ ತಪ್ಪದೆ ತಿರುಗಿಸುವ ಸರಪಳಿ) ಸಡಿಲವಾಗುವ ಕಾಟವಿತ್ತು, ಹೊಸದರಲ್ಲಿ ಅದರ ಬದಲು ಬೆಲ್ಟ್. ಹೊರಗಿಂದ ಪುಟ್ಟ ಕಾರು, ಡಿಕ್ಕಿ ಮಾತ್ರ 530 ಲೀಟರ್. ನಮ್ಮ ತಳ್ಳುಗಾಡಿಯ ಜೊತೆ ಅಕ್ಕಿ ಮೂಟೆ, ತರಕಾರಿ ಚೀಲ ಎಲ್ಲ ಕೂರುತ್ತದೆ. ಇನ್ನೊಂದಿಷ್ಟು ದುಡ್ಡು ಹಾಕುವುದಾದರೆ ಟೊಯೋಟಾ ಆರಿಸ್ ಟೂರಿಂಗ್ ಸ್ಪೋರ್ಟ್ಸ್ ಹೈಬ್ರಿಡ್ ನೋಡಿ. ಆಟೋಮ್ಯಾಟಿಕ್, ಊರೊಳಗಿನ ಓಡಾಟಕ್ಕೆ ಹೇಳಿ ಮಾಡಿಸಿದ್ದು. (ನಾನು ಎಸ್ಟೇಟ್ ತಗೊಂಡೆ ಅಂತ ಮೂಡಿಗೆರೆಗೆ ಫೋನ್ ಮಾಡಿದಾಗ ಅಮ್ಮ ಕೇಳಿದ್ದು, ‘ಎಷ್ಟು ಎಕರೆ?’)

ಆದರೆ ಯಾವ ಕಂಪನಿ ಅನ್ನೋದಕ್ಕಿಂತ ಹಿಂದಿನವರು ಹೇಗೆ ಇಟ್ಟುಕೊಂಡಿದ್ದರು ಅನ್ನೋದು ಮುಖ್ಯ. ಅದನ್ನು ತಿಳಿಯಲು ಇಲ್ಲಿ ಒಳ್ಳೆ ದಾರಿಯಿದೆ. ಮೂರು ವರ್ಷ ದಾಟಿದ ಕಾರಿಗೆ ಪ್ರತಿ ವರ್ಷ ಎಂಒಟಿ ತಪಾಸಣೆ ಕಡ್ಡಾಯ. ಸರ್ಕಾರದ ಸೈಟಿನಲ್ಲಿ ನಂಬರ್ ಪ್ಲೇಟ್ ಹಾಕಿದರೆ ಹಳೇ ತಪಾಸಣೆಗಳೆಲ್ಲ ಪುಕ್ಕಟೆ ಸಿಗುತ್ತವೆ. ಮೀಟರ್ ತಿರುಗಿಸಿದ್ದರೂ ಅಲ್ಲಿ ಗೊತ್ತಾಗುತ್ತದೆ. ಪಾಸೋ ಫೇಲೋ ಅಷ್ಟನ್ನೇ ನೋಡಬೇಡಿ, ಕೆಳಗೆ ಬರೆದ ಎಚ್ಚರಿಕೆಗಳನ್ನು ಓದಿ. ನಾನು ಮೆಚ್ಚಿದ್ದ ಒಂದು ಕಾರು ಫೋಟೋದಲ್ಲಿ ಮದುಮಗಳ ಹಾಗಿತ್ತು. ಬ್ರೇಕ್ ಪೈಪಿಗೆ ತುಕ್ಕು ಹಿಡಿದಿದೆ ಅಂತ ಮೂರು ವರ್ಷ ಸತತವಾಗಿ ಬರೆದಿದ್ದರು, ಓನರ್ ಕಿವಿಗೇ ಹಾಕಿಕೊಂಡಿರಲಿಲ್ಲ. ನಾನು ಆ ಕಾರು ನೋಡಲು ಕೂಡ ಹೋಗಲಿಲ್ಲ.

ಕಾರಿನ ಮೇಲೆ ಸಾಲ ಬಾಕಿ ಇದೆಯಾ ಅಂತ ಒಂದಿಷ್ಟು ಪೌಂಡ್ ಕೊಟ್ಟು ಚೆಕ್ ಮಾಡಿಸಿ. ವಿ5ಸಿ ಲಾಗ್‌ಬುಕ್‌ನಲ್ಲಿ (ಕಾರಿನ ನೋಂದಣಿ ಪತ್ರದಲ್ಲಿ) ಹೆಸರಿದ್ದ ಮಾತ್ರಕ್ಕೆ ಅವರೇ ಮಾಲೀಕರು ಅಂತಲ್ಲ. ರಸ್ತೆ ತೆರಿಗೆ ಕಾರಿನ ಜೊತೆ ನಿಮಗೆ ಬರುವುದಿಲ್ಲ, ಮನೆಗೆ ಓಡಿಸಿಕೊಂಡು ಹೋಗುವ ಮೊದಲೇ ಕಟ್ಟಬೇಕು. ವಿಮೆಯ ರೇಟನ್ನಂತೂ ಕಾರು ಒಪ್ಪುವ ಮುಂಚೆ ಕೇಳಿ. ಭಾರತದ ಲೈಸೆನ್ಸ್ ಅಂದರೆ ಜಾಸ್ತಿ ಹೇಳುತ್ತಾರೆ. ಆ ಲೈಸೆನ್ಸ್ ಇಲ್ಲಿ ನಡೆಯುವುದು ಬಂದು ನೆಲೆಸಿದ 12 ತಿಂಗಳು ಮಾತ್ರ. ನಿಮಗೆ ಅರ್ಧ ಮುಗಿದಿದೆ, ಪರೀಕ್ಷೆಗೆ ಈಗಲೇ ಬುಕ್ ಮಾಡಿ.

ನೋಡಲು ಹೋದಾಗ ಮೊದಲು ಬಾನೆಟ್ ಮೇಲೆ ಕೈಯಿಡಿ. ಬಿಸಿಯಿದ್ದರೆ ನೀವು ಬರುವ ಮೊದಲೇ ಸ್ಟಾರ್ಟ್ ಮಾಡಿಟ್ಟಿದ್ದಾರೆ ಅಂತ ಅರ್ಥ. ತಣ್ಣಗಿರುವಾಗ ಎಂಜಿನ್ ಹೇಗೆ ಕೂಗುತ್ತದೆ ಅನ್ನೋದನ್ನೇ ಕೇಳಬೇಕು. ತಳ್ಳುಗಾಡಿ ಜೊತೆಗೇ ಒಯ್ದು ಡಿಕ್ಕಿಗೆ ಹಾಕಿ ನೋಡಿ, ನಾಚಿಕೆ ಬೇಡ. ಹಾಗೆಯೇ ಡಿಕ್ಕಿಯ ನೆಲ ಎತ್ತಿ ಸ್ಟೆಪ್ನಿ ಇದೆಯಾ ನೋಡಿ. ಎಷ್ಟೋ ಕಾರುಗಳಲ್ಲಿ ಬರೀ ಪಂಕ್ಚರ್ ಅಂಟಿನ ಬಾಟಲಿ ಇರುತ್ತದೆ. ಮಾರುವವರ ಹತ್ತಿರ ಮಾತ್ರ ಸ್ಪೇರ್ ವೀಲ್ ಅನ್ನಿ, ಸ್ಟೆಪ್ನಿ ಅಂದರೆ ಮಿಕಮಿಕ ನೋಡುತ್ತಾರೆ. ಆ ಹೆಸರು ಹುಟ್ಟಿದ್ದೇ ಅವರ ಪಕ್ಕದ ವೇಲ್ಸ್‌ನಲ್ಲಿ, 1904ರಲ್ಲಿ, ಲನೆಲ್ಲಿ ಊರಿನ ಸ್ಟೆಪ್ನಿ ಬೀದಿಯಲ್ಲಿ.