ಹಳೆಯ ಸೀರೆ, ಹೊಸ ಉಡುಗೊರೆ: ಕೈಕೆಲಸದವರ ಪ್ರಶ್ನೆಗಳಿಗೆ ತಜ್ಞರ ಉತ್ತರ

ಈ ಕಂತಿಗೆ ಬೆಳಗಾವಿ, ಬಾಗಲಕೋಟೆ ಮತ್ತು ವಿಜಯಪುರ ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ನಾಲ್ಕನ್ನು ಆರಿಸಿಕೊಂಡಿದ್ದೇವೆ. ಕೇಳಿದವರೆಲ್ಲರೂ ಕೈಯಿಂದ ಮಾಡಿದ್ದನ್ನು ಉಡುಗೊರೆಯಾಗಿ ಕೊಡುವವರು ಅಥವಾ ಅದನ್ನೇ ಜೀವನೋಪಾಯ ಮಾಡಿಕೊಂಡವರು. ಮೊದಲ ಪ್ರಶ್ನೆ ಹಲವರದ್ದೂ ಆಗಿರುವುದರಿಂದ ಅದಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇವೆ.

ಪ್ರಶ್ನೆ: ನಾನು ಕೌದಿ, ಅಂದರೆ ಹಳೆಯ ಸೀರೆಗಳನ್ನು ಪದರಪದರವಾಗಿ ಸೇರಿಸಿದ ಹಾಸಿಗೆ-ಹೊದಿಕೆ, ಹೊಲಿಯುತ್ತೇನೆ. ಬಾಣಂತನಕ್ಕೆ ಮಗಳನ್ನು ಕರೆತಂದ ಮನೆಯವರು ತೊಟ್ಟಿಲಿಗೆ ಹಾಸುವ ಸಣ್ಣ ಕೌದಿಗಳನ್ನು ನನ್ನಿಂದ ಹೊಲಿಸುತ್ತಾರೆ. ಬೆಲೆ ಹೇಳಿದರೆ ‘ಸೀರಿ ನಮ್ಮದ ಐತಿ, ನಿಂದು ಬರೇ ದಾರ, ಅದಕ್ಯಾಕ ಇಷ್ಟ ರೊಕ್ಕ?’ ಎನ್ನುತ್ತಾರೆ. ಸಂಬಂಧಿಕರಂತೂ ಅರ್ಧಕ್ಕೆ ಕೇಳುತ್ತಾರೆ. ಈಗ ಪಟ್ಟಣದ ಅಂಗಡಿಯೊಂದು ಮಾರಿಕೊಡಲು ಒಪ್ಪಿದೆ, ಆದರೆ ಮಾರಾಟ ಬೆಲೆಯಲ್ಲಿ ನೂರಕ್ಕೆ 30 ತನಗೆ ಬೇಕು ಎನ್ನುತ್ತಿದೆ. ಬೆಲೆಯನ್ನು ಹೇಗೆ ನಿರ್ಧರಿಸಲಿ? (ಗೃಹಿಣಿ, ಜಮಖಂಡಿ)

ಉತ್ತರ: ಮೊದಲು ಆ ಮಾತಿನ ಹಿನ್ನೆಲೆಯನ್ನು ಗಮನಿಸಿ. ನಮ್ಮ ಕಡೆ ಕೌದಿಯನ್ನು ಬಹುಕಾಲ ಮನೆಯ ಹಿರಿಯರು ಮಧ್ಯಾಹ್ನದ ಬಿಡುವಿನಲ್ಲಿ ಹೊಲಿಯುತ್ತಿದ್ದರು, ಇಲ್ಲವೇ ಮನೆಮನೆಗೆ ಬರುವ ಹೆಣ್ಣುಮಕ್ಕಳು ಜೋಳಕ್ಕೋ ಹಳೆಯ ಬಟ್ಟೆಗೋ ಹೊಲಿದುಕೊಡುತ್ತಿದ್ದರು. ಹೀಗಾಗಿ ಆ ಕೆಲಸಕ್ಕೆ ತಾಸಿನ ಲೆಕ್ಕದಲ್ಲಿ ಹಣ ಕೊಡುವ ರೂಢಿಯೇ ಬೆಳೆಯಲಿಲ್ಲ. ಗಿರಾಕಿ ಸೀರೆಯನ್ನೂ ದಾರವನ್ನೂ ಕಣ್ಣಿನಿಂದ ಕಾಣುತ್ತಾರೆ, ಸಾಲು ಹೊಲಿಗೆಗೆ ಹಿಡಿದ ತಾಸುಗಳನ್ನು ಕಾಣುವುದಿಲ್ಲ. ಆದ್ದರಿಂದ ಬೆಲೆ ಹೇಳುವ ಮೊದಲು ಆ ತಾಸುಗಳನ್ನು ನೀವು ಬರೆದಿಟ್ಟುಕೊಳ್ಳಬೇಕು. ಮುಂದಿನ ಕೌದಿಯನ್ನು ಹೊಲಿಯುವಾಗ ಒಂದು ನೋಟ್‌ಪುಸ್ತಕವನ್ನು ಪಕ್ಕದಲ್ಲಿಟ್ಟುಕೊಂಡು, ಸೀರೆ ತೊಳೆದು ಇಸ್ತ್ರಿ ಮಾಡಿದ ಸಮಯ, ಪದರಗಳನ್ನು ಹಾಸಿ ಕಚ್ಚಾ ಹೊಲಿಗೆ ಹಾಕಿದ ಸಮಯ, ಮೂಲೆಗಳ ತ್ರಿಕೋನ ಕೂಡಿಸಿದ ಸಮಯ ಎಲ್ಲವನ್ನೂ ಗುರುತಿಸಿ. ಬಹುಪಾಲು ಜನ ಸೂಜಿ ಹಿಡಿದ ಸಮಯವನ್ನಷ್ಟೇ ಎಣಿಸಿ ತಯಾರಿಯ ಸಮಯವನ್ನು ಬಿಟ್ಟುಬಿಡುತ್ತಾರೆ.

ಕೂಲಿಯ ದರಕ್ಕೆ ಯಾರೂ ಪ್ರಶ್ನಿಸಲಾರದ ಒಂದು ಆಧಾರವಿರಲಿ. 2025-26ನೇ ಸಾಲಿನಲ್ಲಿ ಉದ್ಯೋಗ ಖಾತರಿ ಕೆಲಸಕ್ಕೆ ಕರ್ನಾಟಕದಲ್ಲಿ ನಿಗದಿಯಾದ ದಿನಗೂಲಿ ₹370. ಎಂಟು ತಾಸಿನ ದಿನವೆಂದು ಹಿಡಿದರೆ ತಾಸಿಗೆ ಸುಮಾರು ₹46 ಬೀಳುತ್ತದೆ. ವಿಶೇಷ ಕೌಶಲ ಬೇಡದ ಮಣ್ಣುಕೆಲಸಕ್ಕೆ ಆ ಸಾಲಿನಲ್ಲಿ ಸರಕಾರ ಗೊತ್ತುಮಾಡಿದ ಕೂಲಿ ಇದು, ಆದ್ದರಿಂದ ನಿಮ್ಮ ದರ ಇದಕ್ಕಿಂತ ಕೆಳಗಿಳಿಯಬಾರದು. ತೊಟ್ಟಿಲ ಕೌದಿಯೊಂದಕ್ಕೆ 30 ತಾಸು ಹಿಡಿಯುತ್ತದೆ ಎಂದಿಟ್ಟುಕೊಳ್ಳಿ, ಕೂಲಿ ₹1,388 ಆಯಿತು. ದಾರ, ಸೂಜಿ, ಅಸ್ತರದ ಬಟ್ಟೆಗೆ ₹250 ಸೇರಿಸಿದರೆ ₹1,638. ಕರೆಂಟು, ಪೇಟೆಗೆ ಹೋಗಿಬರುವ ಬಸ್ಸಿನ ಖರ್ಚು, ಫೋನು, ಹಾಳಾದ ತುಂಡುಗಳು ಇವಕ್ಕೆಲ್ಲ ನೂರಕ್ಕೆ 10ರಂತೆ ₹164. ಒಟ್ಟು ₹1,802. ಇದು ಅಸಲು ಮಾತ್ರ, ಲಾಭ ಇನ್ನೂ ಸೇರಿಲ್ಲ.

ಅಂಗಡಿಯ ಲೆಕ್ಕದಲ್ಲಿ ಹೆಚ್ಚಿನವರು ಎಡವುತ್ತಾರೆ. ₹1,802ಕ್ಕೆ ನೂರಕ್ಕೆ 30 ಕೂಡಿಸಿ ₹2,343 ಎಂದು ಚೀಟಿ ಅಂಟಿಸಿದರೆ, ಅಂಗಡಿಯವರು ಮಾರಾಟ ಬೆಲೆಯ ಮೇಲೆ ತಮ್ಮ ಪಾಲು ಮುರಿದುಕೊಂಡ ಬಳಿಕ ನಿಮ್ಮ ಕೈಗೆ ಬರುವುದು ₹1,640 ಮಾತ್ರ, ಅಂದರೆ ನಿಮ್ಮ ಇತರೆ ಖರ್ಚು ಪೂರ್ತಿ ಮುಳುಗಿಹೋಗುತ್ತದೆ. ಅಸಲನ್ನು 0.7ರಿಂದ ಭಾಗಿಸಬೇಕು: ಆಗ ಚೀಟಿಯ ಬೆಲೆ ₹2,574 ಆಗುತ್ತದೆ. ಲಾಭ ಬೇಕಿದ್ದರೆ ಅದನ್ನು ಭಾಗಿಸುವ ಮೊದಲೇ ಅಸಲಿಗೆ ಸೇರಿಸಿ. ಇಷ್ಟು ಬೆಲೆಗೆ ಕೌದಿ ಹೋಗುವುದಿಲ್ಲ ಎಂದು ಅಂಗಡಿಯವರು ಹೇಳಿದರೆ ಕೂಲಿಯನ್ನು ಕಡಿಮೆ ಮಾಡಬೇಡಿ, ಕೆಲಸವನ್ನು ಕಡಿಮೆ ಮಾಡಿ: ಸಾಲುಗಳ ನಡುವಿನ ಅಂತರವನ್ನು ತುಸು ಹಿಗ್ಗಿಸಿದ, ಅಳತೆಯಲ್ಲಿ ಚಿಕ್ಕದಾದ ಇನ್ನೊಂದು ಬಗೆಯನ್ನು ಮಾಡಿ ಅದಕ್ಕೆ ಬೇರೆ ಬೆಲೆ ಇಡಿ. ಅಂಗಡಿಯಲ್ಲಿ ಮಾರುವ ಬೆಲೆಗೂ ಮನೆಯಲ್ಲಿ ಮಾರುವ ಬೆಲೆಗೂ ಬಹಳ ವ್ಯತ್ಯಾಸ ಇರದಂತೆ ನೋಡಿಕೊಳ್ಳಿ, ಇಲ್ಲದಿದ್ದರೆ ಅಂಗಡಿಯಲ್ಲಿ ನೋಡಿದವರು ನಿಮ್ಮ ಮನೆ ಹುಡುಕಿಕೊಂಡು ಬರುತ್ತಾರೆ ಮತ್ತು ಅಂಗಡಿಯವರು ಎರಡನೆಯ ಸಲ ನಿಮ್ಮ ಸಾಮಾನು ಇಡುವುದಿಲ್ಲ.

ಸಂಬಂಧಿಕರ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ವಲ್ಪ ಕಟುವೆನಿಸಬಹುದು. ತೀರ ಹತ್ತಿರದವರಿಗೆ ಪೂರ್ತಿ ಉಡುಗೊರೆಯಾಗಿ ಕೊಡಿ, ಉಳಿದವರಿಂದ ಪೂರ್ತಿ ಬೆಲೆ ತೆಗೆದುಕೊಳ್ಳಿ. ಅರ್ಧ ಬೆಲೆಗೆ ಕೊಟ್ಟರೆ ಪಡೆದವರು ಅದನ್ನು ಉಡುಗೊರೆ ಎಂದು ನೆನೆಯುವುದಿಲ್ಲ, ಊರಿನಲ್ಲಿ ಮಾತ್ರ ಆ ಅರ್ಧವೇ ನಿಮ್ಮ ದರವಾಗಿ ಹಬ್ಬುತ್ತದೆ. ಲಗ್ನಗಳ ಕಾಲದಲ್ಲಿ ಒಪ್ಪಿಕೊಳ್ಳುವ ಕೆಲಸಕ್ಕೆ ಅರ್ಧ ಹಣವನ್ನು ಮುಂಗಡವಾಗಿ ಪಡೆದು, ಕೊಡುವ ದಿನಾಂಕವನ್ನು ಬರೆದುಕೊಡಿ. ಹೊಲಿದ ಮೇಲೆ ‘ಬಣ್ಣ ಮನಸಿಗೆ ಬರಲಿಲ್ಲ’ ಎನ್ನುವವರು ಮುಂಗಡ ಕೊಟ್ಟವರಲ್ಲಿ ಬಹಳ ಕಡಿಮೆ.

ಪ್ರಶ್ನೆ: ತೀರಿಹೋದ ಅತ್ತೆಯವರ ಇಳಕಲ್ ಸೀರೆಯೊಂದು ಪೆಟ್ಟಿಗೆಯಲ್ಲಿದೆ. ಮೈಯಲ್ಲಿ ಅಲ್ಲಲ್ಲಿ ಹರಿದಿದೆ, ಸೆರಗು ಚೆನ್ನಾಗಿದೆ. ನಾದಿನಿಯ ಮಗುವಿನ ತೊಟ್ಟಿಲ ಶಾಸ್ತ್ರಕ್ಕೆ ಅದರಿಂದ ಕುಂಚಿಗೆಯನ್ನೂ (ಮಗುವಿನ ತಲೆ-ಬೆನ್ನು ಮುಚ್ಚುವ ಟೋಪಿ) ಸಣ್ಣ ದುಬಟಿಯನ್ನೂ (ಹೊದಿಕೆ) ಮಾಡಬೇಕೆಂದಿದ್ದೇನೆ. ಕತ್ತರಿ ಹಾಕಲು ಧೈರ್ಯವಾಗುತ್ತಿಲ್ಲ. ಬಣ್ಣ ಬಿಡದಂತೆ ಉಪ್ಪುನೀರಿನಲ್ಲಿ ನೆನೆಸಬೇಕೇ? (ಶಿಕ್ಷಕಿ, ವಿಜಯಪುರ)

ಉತ್ತರ: ಕತ್ತರಿ ಹಾಕುವ ಮುನ್ನ ಸೀರೆಯ ಹಿಂಬದಿಯನ್ನು ಬೆಳಕಿಗೆ ಹಿಡಿದು, ಮೈ ಮುಗಿದು ಸೆರಗು ಶುರುವಾಗುವ ಗೆರೆಯನ್ನು ನೋಡಿ. ಕೈಮಗ್ಗದ ಇಳಕಲ್ ಸೀರೆಯಲ್ಲಿ ಮೈಯ ಹಾಸಿನ (ಉದ್ದಕ್ಕೆ ಹಾಯುವ) ಎಳೆಗಳು ಬೇರೆ, ಸೆರಗಿನ ಹಾಸಿನ ಎಳೆಗಳು ಬೇರೆ. ಎರಡನ್ನೂ ಒಂದೊಂದಾಗಿ ಕೊಂಡಿ ಹಾಕಿ ಕೂಡಿಸಿದ ಮೇಲೆಯೇ ಸೆರಗಿನ ನೇಯ್ಗೆ ನಡೆಯುತ್ತದೆ. ಆ ಕೊಂಡಿಗಳು ಹಿಂಬದಿಯಲ್ಲಿ ಸಣ್ಣ ಸಾಲಾಗಿ ಕಾಣಿಸಿದರೆ ಮತ್ತು ಕೆಂಪು ಸೆರಗಿನಲ್ಲಿ ಬಿಳಿಯ ತೋಪುತೆನೆಯೋ (ಜೋಳದ ತೆನೆಯ ವಿನ್ಯಾಸ) ಹಣಿಗೆಯೋ (ಬಾಚಣಿಗೆಯ ವಿನ್ಯಾಸ) ಮೂಡಿದ್ದರೆ, ನಿಮ್ಮ ಕೈಯಲ್ಲಿರುವುದು ಅಸಲಿ ನೇಯ್ಗೆ. ಅಂಥ ಸೀರೆಯಾದರೆ ಸೆರಗನ್ನು ಮುಟ್ಟಬೇಡಿ ಎಂಬುದು ನನ್ನ ಸಲಹೆ. ಹರಿದಿರುವುದು ಮೈ ಮಾತ್ರ, ಕುಂಚಿಗೆಗೂ ದುಬಟಿಗೂ ಅದರ ಗಟ್ಟಿ ಭಾಗಗಳೇ ಸಾಕು. ಸೆರಗನ್ನು ಕತ್ತರಿಸಲೇಬೇಕಿದ್ದರೆ ಕೊಂಡಿಯ ಗೆರೆಯಿಂದ ನಾಲ್ಕು ಬೆರಳು ಮೈಯ ಕಡೆಗೆ ಸರಿದು, ಮೊದಲು ಎರಡು ಸಾಲು ಮಶಿನ್ ಹೊಲಿಗೆ ಹಾಕಿ, ಆಮೇಲೆ ಅದರಾಚೆ ಕತ್ತರಿಸಿ. ಕೊಂಡಿಯ ಮೇಲೆಯೇ ಕತ್ತರಿ ಬಿದ್ದರೆ ಕೂಡಿಸಿದ ಎಳೆಗಳೆಲ್ಲ ಒಂದೊಂದಾಗಿ ಬಿಚ್ಚಿಕೊಳ್ಳುತ್ತವೆ.

ಮಡಿಕೆಯ ಗೆರೆಗಳನ್ನೂ ಪರೀಕ್ಷಿಸಿ. ರೇಷ್ಮೆ ಹಲವು ವರ್ಷ ಒಂದೇ ಮಡಿಕೆಯಲ್ಲಿದ್ದರೆ ಅಲ್ಲಿಯೇ ಸೀಳುತ್ತದೆ. ಎರಡೂ ಬದಿಯಿಂದ ಮೆಲ್ಲಗೆ ಎಳೆದಾಗ ಚಿಟಿಚಿಟಿ ಸದ್ದು ಬಂದರೆ ಆ ಭಾಗ ಹೊಲಿಗೆಯನ್ನು ತಡೆಯುವುದಿಲ್ಲ. ಎಳೆ ರೇಷ್ಮೆಯೋ ಚಮಕಾ ಎನ್ನುವ ಕೃತಕ ರೇಷ್ಮೆಯೋ ಎಂದು ತಿಳಿಯಲು ಅಂಚಿನಿಂದ ಒಂದು ಎಳೆ ತೆಗೆದು ಸುಟ್ಟು ನೋಡಿ. ರೇಷ್ಮೆ ಸುಟ್ಟ ಕೂದಲಿನ ವಾಸನೆ ಕೊಟ್ಟು ಬೆರಳಿಗೆ ಪುಡಿಯಾಗುತ್ತದೆ, ಚಮಕಾ ಸುಟ್ಟ ಕಾಗದದ ವಾಸನೆ ಕೊಡುತ್ತದೆ, ಪಾಲಿಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಮಗುವಿನ ಮೈಗೆ ತಾಗುವ ಕಡೆ ಪಾಲಿಸ್ಟರ್ ಬೇಡ.

ಉಪ್ಪುನೀರಿನ ಬಗ್ಗೆ ಕೇಳಿದ್ದೀರಿ. ಬಣ್ಣ ಹಾಕುವಾಗ ಹದವಾಗಿ ಹಿಡಿಯದೆ ಉಳಿದ ಬಣ್ಣವನ್ನು ಆಮೇಲೆ ಉಪ್ಪಾಗಲಿ ವಿನೆಗರ್ ಆಗಲಿ ಕಟ್ಟಿಹಾಕಲಾರದು, ಎಷ್ಟೋ ಮನೆಗಳಲ್ಲಿ ಇದನ್ನು ನಂಬಿಕೊಂಡು ಬಂದಿದ್ದರೂ ಸಹ. ಬಿಳಿಯ ಹತ್ತಿ ಬಟ್ಟೆಯನ್ನು ಒದ್ದೆ ಮಾಡಿ, ಸೀರೆಯ ಒಳಮೂಲೆಯ ಮೇಲಿಟ್ಟು, ಬಿಸಿ ಇಸ್ತ್ರಿಯನ್ನು ಕೆಲ ಕ್ಷಣ ಒತ್ತಿ. ಬಿಳಿ ಬಟ್ಟೆಗೆ ಬಣ್ಣ ಹತ್ತಿದರೆ, ತಣ್ಣೀರಿನಲ್ಲಿ ನೀರು ತಿಳಿಯಾಗುವವರೆಗೆ ಬೇರೆಯಾಗಿ ತೊಳೆಯುತ್ತ ಹೋಗಿ. ಆಗಲೂ ಬಿಡುತ್ತಿದ್ದರೆ ಆ ತುಂಡನ್ನು ಮಗುವಿನ ಉಡುಗೊರೆಗೆ ಬಳಸಬೇಡಿ, ಏಕೆಂದರೆ ಎಳೆಯ ಮಕ್ಕಳು ಕೈಗೆ ಸಿಕ್ಕಿದ್ದನ್ನು ಬಾಯಿಗೆ ಇಡುತ್ತಾರೆ.

ಕುಂಚಿಗೆಯ ಒಳಗೆ ಹಲವು ಸಲ ತೊಳೆದು ಮೆತ್ತಗಾದ ಮಲ್‌ಮಲ್ ಅಸ್ತರ ಹಾಕಿ, ಜರಿಯ ಅಂಚು ಕೆನ್ನೆಗೆ ಉಜ್ಜದಂತೆ ಹೊರಗೆ ತಿರುಗಿಸಿ. ಮಣಿ, ಕನ್ನಡಿ, ಗೆಜ್ಜೆ ಚೆಂದ ಕಾಣುತ್ತವೆ, ಆದರೆ ಕಿತ್ತುಬಂದರೆ ಮಗುವಿನ ಗಂಟಲಿಗೆ ಅಪಾಯ. ಅಂದ ಬೇಕೆನಿಸಿದರೆ ಕಸೂತಿ ಹಾಕಿ, ಅದರಲ್ಲಿಯೂ ಗವಂತಿ ಎಂಬ ಗೆರೆಯಂಥ ಹೊಲಿಗೆ. ಕಸೂತಿಯಲ್ಲಿ ಗಂಟು ಹಾಕುವುದಿಲ್ಲ, ಗವಂತಿ ಎರಡೂ ಬದಿಯಲ್ಲಿ ಒಂದೇ ಆಗಿ ಕಾಣುತ್ತದೆ, ಆದ್ದರಿಂದ ಒಳಮೈ ಚುಚ್ಚುವುದಿಲ್ಲ. ಅಡ್ಡಗೀಟಿನ ಮೆಂತೆ ಹೊಲಿಗೆ ದಪ್ಪವಾಗಿ ಕೂರುವುದರಿಂದ ಅದನ್ನು ದುಬಟಿಯ ಅಂಚಿಗೆ ಮೀಸಲಿಡಿ. ಉಳಿದ ಸೆರಗನ್ನು ಪ್ಲಾಸ್ಟಿಕ್ ಚೀಲದಲ್ಲಿಡದೆ ಹತ್ತಿಯ ಬಟ್ಟೆಯಲ್ಲಿ ಸುತ್ತಿ, ಮಡಿಸುವ ಬದಲು ಕೋಲಿಗೆ ಸುತ್ತಿಡಿ.

ಪ್ರಶ್ನೆ: ನಮ್ಮದು ತಲೆಮಾರುಗಳಿಂದ ಕಟ್ಟಿಗೆಯ ಹಣ್ಣು, ತರಕಾರಿ, ಗೊಂಬೆ ಮಾಡುವ ಮನೆ. ಹುಟ್ಟುಹಬ್ಬದ ಉಡುಗೊರೆಗೆಂದು ಮಕ್ಕಳ ಆಟಿಕೆ ಕೇಳಿದ ವ್ಯಾಪಾರಿಯೊಬ್ಬರು ಗುಣಮಟ್ಟದ ಐಎಸ್‌ಐ ಗುರುತು ಬೇಕು ಎಂದರು. ಅದು ನಮ್ಮಂಥವರಿಗೂ ಕಡ್ಡಾಯವೇ? (ಕುಶಲಕರ್ಮಿ, ಗೋಕಾಕ)

ಉತ್ತರ: 14 ವರ್ಷದೊಳಗಿನ ಮಕ್ಕಳ ಆಟಿಕೆಗಳಿಗೆ ಆ ಗುರುತನ್ನು ಕಡ್ಡಾಯಗೊಳಿಸಿದ ಕೇಂದ್ರದ ಆದೇಶ 2021ರ ಜನವರಿ 1ರಿಂದ ಜಾರಿಯಲ್ಲಿದೆ. ಆದರೆ ಜವಳಿ ಸಚಿವಾಲಯದ ಕರಕುಶಲ ಅಭಿವೃದ್ಧಿ ಆಯುಕ್ತರ ಕಚೇರಿಯಲ್ಲಿ ನೋಂದಾಯಿಸಿಕೊಂಡ ಕುಶಲಕರ್ಮಿಗಳು ತಾವೇ ಮಾಡಿ ತಾವೇ ಮಾರುವ ಆಟಿಕೆಗಳಿಗೆ ಅದರಲ್ಲಿ ವಿನಾಯಿತಿ ಇದೆ. ಭೌಗೋಳಿಕ ಸೂಚ್ಯಂಕ (ಒಂದು ಊರಿನ ವಿಶಿಷ್ಟ ಸಾಮಾನಿನ ಹೆಸರಿಗೆ ಸಿಗುವ ಕಾನೂನಿನ ರಕ್ಷಣೆ) ಪಡೆದ ಗೊಂಬೆಗಳ ಅಧಿಕೃತ ಬಳಕೆದಾರರಿಗೂ ವಿನಾಯಿತಿ ಸಿಗುತ್ತದೆ, ಚನ್ನಪಟ್ಟಣ ಮತ್ತು ಕಿನ್ನಾಳದವರಿಗೆ ಆ ದಾರಿಯೂ ಉಂಟು. ನೀವು ಮೊದಲ ದಾರಿ ಹಿಡಿದು, ಆ ಕಚೇರಿ ಕೊಡುವ ‘ಪೆಹಚಾನ್’ ಗುರುತಿನ ಚೀಟಿಯನ್ನು ಮಾಡಿಸಿಕೊಳ್ಳಿ. ‘ತಾವೇ ಮಾರುವ’ ಎಂಬ ಮಾತನ್ನು ಗಮನದಲ್ಲಿಡಿ: ವ್ಯಾಪಾರಿ ನಿಮ್ಮ ಆಟಿಕೆಯನ್ನು ಕೊಂಡು ತಮ್ಮ ಹೆಸರಿನ ಡಬ್ಬಿಯಲ್ಲಿ ಮಾರಹೊರಟರೆ ಅವರು ಗುರುತು ಕೇಳುವುದರಲ್ಲಿ ಅರ್ಥವಿದೆ.

ಇದರ ಜೊತೆಗೆ, 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಗೊಂಬೆ ಮತ್ತು ಆಟಿಕೆ ತಯಾರಿಕೆಯೂ ಇದೆ. ಉಪಕರಣಗಳಿಗೆ ₹15,000ದ ವೋಚರ್, ತರಬೇತಿಯ ದಿನಗಳಲ್ಲಿ ದಿನಕ್ಕೆ ₹500, ನೂರಕ್ಕೆ 5ರ ಬಡ್ಡಿಯಲ್ಲಿ ಮೊದಲು ₹1 ಲಕ್ಷ, ಅದನ್ನು ತೀರಿಸಿದ ಬಳಿಕ ₹2 ಲಕ್ಷದವರೆಗೆ ಸಾಲ ಅದರಲ್ಲಿ ಸೇರಿವೆ. ಒಂದು ಕುಟುಂಬದಿಂದ ಒಬ್ಬರಿಗೆ ಮಾತ್ರ ಅವಕಾಶವಿರುವುದರಿಂದ, ಮನೆಯವರು ಕೂಡಿ ಮಾತಾಡಿಕೊಂಡು ಅರ್ಜಿ ಹಾಕುವುದು ಒಳ್ಳೆಯದು.

ವಿನಾಯಿತಿ ಇದೆಯೆಂದು ಬಣ್ಣದ ವಿಷಯದಲ್ಲಿ ಉದಾಸೀನ ಬೇಡ. ಮನೆಬಳಕೆಯ ಮತ್ತು ಅಲಂಕಾರದ ಬಣ್ಣಗಳಲ್ಲಿ ಸೀಸದ ಅಂಶ ಹತ್ತು ಲಕ್ಷ ಭಾಗಕ್ಕೆ 90 ಭಾಗ ಮೀರಬಾರದು ಎಂಬ ನಿಯಮ 2017ರ ನವೆಂಬರ್‌ನಿಂದ ಜಾರಿಯಲ್ಲಿದೆ. ಆದರೆ ವಾಹನಗಳಿಗೂ ಯಂತ್ರಗಳಿಗೂ ಬಳಿಯುವ ಬಣ್ಣ ಆ ನಿಯಮದ ವ್ಯಾಪ್ತಿಗೆ ಬರುವುದಿಲ್ಲ. ಹೊಳಪು ಹೆಚ್ಚೆಂದು, ಅಗ್ಗವೆಂದು ಗ್ಯಾರೇಜಿನಲ್ಲಿ ಉಳಿದ ಡಬ್ಬಿಯ ಬಣ್ಣವನ್ನು ಆಟಿಕೆಗೆ ಬಳಿಯುವುದು ದೊಡ್ಡ ತಪ್ಪು. ಡಬ್ಬಿಯ ಮೇಲೆ ಸೀಸದ ಪ್ರಮಾಣ ನಮೂದಾಗಿರುವ ಬಣ್ಣವನ್ನೇ ಕೊಂಡು, ರಸೀದಿಯನ್ನು ಇಟ್ಟುಕೊಳ್ಳಿ. ಶೋಕೇಸಿನ ಹಣ್ಣುಗಳಿಗೂ ಮಕ್ಕಳ ಆಟಿಕೆಗೂ ಬೇರೆ ಬೇರೆ ಕುಂಚ ಮತ್ತು ಬಟ್ಟಲು ಇರಲಿ.

ಪ್ರಶ್ನೆ: ನಾವು ಗೆಳತಿಯರು ಖಣದ ಬಟ್ಟೆಯಿಂದ ಪರ್ಸು, ಬಳೆ ಚೀಲ ಹೊಲಿದು ಉಡಿ ತುಂಬುವ ಕಾರ್ಯಕ್ರಮಗಳಿಗೆ ಮಾರುತ್ತೇವೆ. ಬಟ್ಟೆಯನ್ನು ಪೇಟೆಯಲ್ಲಿ ಮೀಟರ್ ಲೆಕ್ಕದಲ್ಲಿ ಕೊಳ್ಳುತ್ತೇವೆ. ಚೀಟಿಯ ಮೇಲೆ ‘ಗುಳೇದಗುಡ್ಡ ಖಣ’ ಎಂದು ಬರೆಯಬಹುದೇ? (ಕಾಲೇಜು ವಿದ್ಯಾರ್ಥಿನಿ, ಬೆಳಗಾವಿ)

ಉತ್ತರ: ಬರೆಯಬೇಡಿ. ಗುಳೇದಗುಡ್ಡ ಖಣ 1999ರ ಕಾಯ್ದೆಯಡಿ ಭೌಗೋಳಿಕ ಸೂಚ್ಯಂಕವಾಗಿ ನೋಂದಣಿಯಾದ ಹೆಸರು. ಬೇರೆಡೆ ವಿದ್ಯುತ್ ಮಗ್ಗದಲ್ಲಿ ನೇಯ್ದ ಬಟ್ಟೆಗೆ ಆ ಹೆಸರು ಹಚ್ಚುವುದು ಶಿಕ್ಷಾರ್ಹ ಅಪರಾಧ. ಗುಳೇದಗುಡ್ಡದ ನೇಕಾರರು ಖಣವನ್ನು ಒಂದು ಕುಪ್ಪಸಕ್ಕೆ ಸಾಕಾಗುವ ತುಂಡಿನ ಲೆಕ್ಕದಲ್ಲಿ, ಎರಡೂ ಬದಿಗೆ ದಡಿ (ಅಂಚು) ಬರುವಂತೆ ನೇಯುತ್ತಾರೆ. ಮೀಟರ್‌ಗಟ್ಟಲೆ ಅಗಲ ಪನ್ನದಲ್ಲಿ ಸಿಗುವ ಬಟ್ಟೆ ಬಹುತೇಕ ವಿದ್ಯುತ್ ಮಗ್ಗದ್ದು. ಅದನ್ನು ಬಳಸುವುದರಲ್ಲಿ ತಪ್ಪಿಲ್ಲ, ‘ವಿದ್ಯುತ್ ಮಗ್ಗದ ಖಣ, ಕೈಯಿಂದ ಹೊಲಿದದ್ದು’ ಎಂದು ಬರೆದು ಮಾರಿ. ಹತ್ತರಲ್ಲಿ ಎರಡು ಚೀಲಗಳನ್ನಾದರೂ ಗುಳೇದಗುಡ್ಡದಿಂದಲೇ ತಂದ ತುಂಡಿನಲ್ಲಿ ಹೊಲಿದು, ದಡಿ ಚೀಲದ ಬಾಯಿಗೆ ಬರುವಂತೆ ಕತ್ತರಿಸಿ, ಬೇರೆ ಬೆಲೆಯಲ್ಲಿ ಪಕ್ಕದಲ್ಲೇ ಇಟ್ಟು ನೋಡಿ. ತಂದ ಬಿಲ್ಲನ್ನು ಜೋಪಾನವಾಗಿಡಿ, ಕೇಳಿದವರಿಗೆ ತೋರಿಸಬೇಕಾಗುತ್ತದೆ.